ಎಂಟು ಮೈಲಿ ರಸ್ತೆಯಾಚೆಯ ಮತದಾರ

2016ರ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಮಿಷಿಗನ್ ರಾಜ್ಯವನ್ನು ಗೆದ್ದದ್ದು 10,704 ಮತಗಳಿಂದ. ಸುಮಾರು 48 ಲಕ್ಷ ಮಂದಿ ಮತ ಹಾಕಿದ್ದ ರಾಜ್ಯದಲ್ಲಿ ಅದು ಕೂದಲೆಳೆಯ ಗೆಲುವು. ಆದರೆ ಡೆಟ್ರಾಯಿಟ್ ನಗರದ ಉತ್ತರದ ಅಂಚಿಗೆ ಅಂಟಿಕೊಂಡಿರುವ ಮಕೋಮ್ ಕೌಂಟಿಯೊಂದರಲ್ಲೇ ಅವರ ಮುನ್ನಡೆ 48 ಸಾವಿರದಷ್ಟಿತ್ತು. ಆ ಒಂದು ಕೌಂಟಿಯನ್ನು ಲೆಕ್ಕದಿಂದ ತೆಗೆದರೆ ಮಿಷಿಗನ್ ಹಿಲರಿ ಕ್ಲಿಂಟನ್ ಪಾಲಾಗುತ್ತಿತ್ತು. ಸೋಜಿಗವೆಂದರೆ ಇದೇ ಮಕೋಮ್ 2008ರಲ್ಲೂ 2012ರಲ್ಲೂ ಬರಾಕ್ ಒಬಾಮಾ ಕಡೆಗಿತ್ತು. ಇನ್ನೂ ಹಿಂದಕ್ಕೆ ಹೋದರೆ, 1960ರಲ್ಲಿ ಜಾನ್ ಕೆನಡಿಗೆ ನೂರಕ್ಕೆ 63ರಷ್ಟು ಮತ ಕೊಟ್ಟಿತ್ತು. 1984ರ ಹೊತ್ತಿಗೆ ಅದೇ ಜನ ರೊನಾಲ್ಡ್ ರೇಗನ್‌ಗೆ ಮೂರರಲ್ಲಿ ಎರಡು ಪಾಲು ಮತ ಸುರಿದಿದ್ದರು.

ನಾಲ್ಕು ವರ್ಷಕ್ಕೊಮ್ಮೆ ಪತ್ರಕರ್ತರು, ಸಮೀಕ್ಷೆಯವರು ಇಲ್ಲಿಗೆ ದಂಡು ಕಟ್ಟಿಕೊಂಡು ಬರುತ್ತಾರೆ. ವಾರೆನ್, ಸ್ಟರ್ಲಿಂಗ್ ಹೈಟ್ಸ್, ಕ್ಲಿಂಟನ್ ಟೌನ್‌ಶಿಪ್‌ಗಳ ಹೋಟೆಲುಗಳಲ್ಲಿ ಕೂತು, ಯಾರಿಗೆ ಹಾಕುತ್ತೀರಿ, ಯಾಕೆ ಎಂದು ಕೇಳುತ್ತಾರೆ. ಉತ್ತರ ಹೆಚ್ಚುಕಡಿಮೆ ಒಂದೇ: ಆರ್ಥಿಕತೆ. ಅದನ್ನು ಬರೆದುಕೊಂಡು ಹೋದವರು ತಮಗೆ ಬೇಕಾದ ಅರ್ಥ ಹಚ್ಚಿಕೊಂಡಿದ್ದಾರೆ. ರಿಪಬ್ಲಿಕನ್ ಪಂಡಿತರಿಗೆ ಅದು ಕಡಿಮೆ ತೆರಿಗೆ, ಚಿಕ್ಕ ಸರ್ಕಾರ, ಮುಕ್ತ ವ್ಯಾಪಾರ. ಬಹಳ ಮಂದಿ ಡೆಮಾಕ್ರಟರಿಗೆ ಅದು ವರ್ಣದ್ವೇಷಕ್ಕೆ ತೊಡಿಸಿದ ಮರ್ಯಾದೆಯ ಅಂಗಿ. ಹಲವು ದಶಕಗಳ ಮತಲೆಕ್ಕವನ್ನು ಮುಂದಿಟ್ಟುಕೊಂಡಾಗ ನನಗೆ ಕಾಣುವುದು ಬೇರೆ. ಸಂಪ್ರದಾಯವಾದಿ ಎಂದು ಕರೆಸಿಕೊಳ್ಳುವ ಇಲ್ಲಿಯ ಮತದಾರ ತನ್ನ ಆರ್ಥಿಕ ನಿಲುವನ್ನು ಹೆಚ್ಚೇನೂ ಬದಲಿಸಿಲ್ಲ. ಅವನನ್ನು ಹಿಡಿದುಕೊಳ್ಳಲು ರಿಪಬ್ಲಿಕನ್ ಪಕ್ಷವೇ ತನ್ನ ತತ್ವ ಬಿಟ್ಟು ಅವನ ಅಂಗಳಕ್ಕೆ ಬಂದು ನಿಂತಿದೆ.

ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಇವನು ನಿಜವಾದ ವ್ಯಕ್ತಿಯಲ್ಲ, ಕೌಂಟಿಯ ಇತಿಹಾಸದಿಂದ ನಾನು ಕಟ್ಟಿಕೊಂಡ ಮಾದರಿ. 1955ರಲ್ಲಿ ಹುಟ್ಟಿದವನು. ಅಪ್ಪ ಪೋಲಿಷ್ ಮೂಲದ ಕ್ಯಾಥೊಲಿಕ್. ಡೆಟ್ರಾಯಿಟ್ ಬಿಟ್ಟು, ಎಂಟು ಮೈಲಿ ರಸ್ತೆ ದಾಟಿ, ವಾರೆನ್‌ನಲ್ಲಿ ಇಟ್ಟಿಗೆಯ ಸಣ್ಣ ಮನೆ ಮಾಡಿದ. ಆ ರಸ್ತೆಯೇ ನಗರದ ಉತ್ತರದ ಗಡಿ. ದಕ್ಷಿಣಕ್ಕೆ ಕಪ್ಪು ಜನ, ಉತ್ತರಕ್ಕೆ ಬಿಳಿಯರು ಎಂಬ ಗೆರೆಯಾಗಿ ಅದು ದಶಕಗಳ ಕಾಲ ನಿಂತಿತ್ತು. ಮಗ ಹೈಸ್ಕೂಲು ಮುಗಿಸಿ ಅಪ್ಪನಂತೆ ಕಾರು ಕಾರ್ಖಾನೆ ಸೇರಿದ. ಕಾಲೇಜಿನ ಮೆಟ್ಟಿಲು ಹತ್ತದೆಯೇ ಸ್ವಂತ ಮನೆ, ಎರಡು ಕಾರು, ಸೇಂಟ್ ಕ್ಲೇರ್ ಸರೋವರದಲ್ಲಿ ಮೀನು ಹಿಡಿಯಲು ಪುಟ್ಟ ದೋಣಿ, ಉತ್ತರದ ಕಾಡಿನಲ್ಲಿ ಬೇಟೆಯ ದಿನಗಳಿಗೊಂದು ಮರದ ಮನೆ. ಇಷ್ಟನ್ನೂ ಗಂಟೆಗೂಲಿಯ ದುಡ್ಡಿನಲ್ಲಿ ಮಾಡಿಕೊಳ್ಳಬಹುದಾಗಿದ್ದ ಲೋಕದಲ್ಲಿ ಬೆಳೆದವನು. ಮುಂದೆ ದೇಶದ ಆರ್ಥಿಕತೆಯನ್ನು ಅವನು ಅಳೆಯುವುದೆಲ್ಲ ಈ ಕೋಲಿನಿಂದಲೇ. ಜಗತ್ತಿನ ಬೇರೆಯವರಿಗಿಂತ ತಾನೆಷ್ಟು ಸುಖಿ ಎಂಬುದು ಅವನಿಗೆ ಬೇಕಿಲ್ಲ. ಅಪ್ಪನಿಗಿಂತ ತಾನು ಹೇಗಿದ್ದೇನೆ, ತನಗಿಂತ ಮಗ ಹೇಗಿರುತ್ತಾನೆ, ಅಷ್ಟೇ.

ಆ ಲೋಕಕ್ಕೊಂದು ಆಧಾರವಿತ್ತು. 1948ರಲ್ಲಿ ಜನರಲ್ ಮೋಟರ್ಸ್ ಮತ್ತು ಯುನೈಟೆಡ್ ಆಟೊ ವರ್ಕರ್ಸ್ ಯೂನಿಯನ್ ಮಾಡಿಕೊಂಡ ಒಪ್ಪಂದದಲ್ಲಿ ತುಟ್ಟಿಭತ್ಯೆಯ ಕಲಮು ಸೇರಿತು. ಬೆಲೆ ಏರಿದರೆ ಕೂಲಿಯೂ ತಾನಾಗಿ ಏರುತ್ತದೆ. ನಮ್ಮಲ್ಲಿ ಸರ್ಕಾರಿ ನೌಕರರ ಮನೆಗಳಲ್ಲಿ ತುಟ್ಟಿಭತ್ಯೆ ಎಂಥ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಖಾಸಗಿ ಕಾರ್ಖಾನೆಯ ಕಾರ್ಮಿಕನಿಗೆ ಅದು ಸಿಕ್ಕಿತ್ತು. ಈ ಕಲಮಿಗೆ ಕಥೆಯಲ್ಲಿ ಮತ್ತೆ ಕೆಲಸವಿದೆ.

ಶಾಲಾ ಬಸ್ಸಿನ ಗಲಾಟೆ

ಈ ಮತದಾರ ಡೆಮಾಕ್ರಟಿಕ್ ಪಕ್ಷದಿಂದ ಜಾರತೊಡಗಿದ್ದು ಕಾರ್ಖಾನೆಯ ವಿಷಯಕ್ಕಲ್ಲ, ಶಾಲಾ ಬಸ್ಸಿನ ವಿಷಯಕ್ಕೆ. 1972ರಲ್ಲಿ ಫೆಡರಲ್ ನ್ಯಾಯಾಧೀಶ ಸ್ಟೀಫನ್ ರಾತ್ ಅವರು ಡೆಟ್ರಾಯಿಟ್ ಮತ್ತು ಸುತ್ತಲ ಉಪನಗರಗಳ ಶಾಲೆಗಳ ನಡುವೆ ಬಿಳಿ, ಕಪ್ಪು ಮಕ್ಕಳನ್ನು ಬಸ್ಸಿನಲ್ಲಿ ಅದಲುಬದಲು ಮಾಡಬೇಕೆಂದು ಆದೇಶಿಸಿದರು. ಆ ಆದೇಶಕ್ಕೆ ತುಸು ಮುಂಚೆ, ಅದೇ ವರ್ಷದ ಮೇ ತಿಂಗಳಲ್ಲಿ ನಡೆದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮಿಷಿಗನ್ ಗೆದ್ದವರು ವರ್ಣಭೇದದ ಹಳೆಯ ಹುಲಿ, ಅಲಬಾಮಾದ ಜಾರ್ಜ್ ವ್ಯಾಲೇಸ್. ಹಿಂದಿನ ದಿನವಷ್ಟೇ ಮೇರಿಲ್ಯಾಂಡಿನಲ್ಲಿ ಗುಂಡೇಟು ತಿಂದು ಆಸ್ಪತ್ರೆ ಸೇರಿದ್ದರು. 1974ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಮತದ ಅಂತರದಿಂದ ರಾತ್ ಆದೇಶವನ್ನು ರದ್ದುಮಾಡಿತು. ಬಸ್ಸುಗಳು ಎಂಟು ಮೈಲಿ ರಸ್ತೆ ದಾಟಲೇ ಇಲ್ಲ. ಆದರೆ ದಾಟಿದ ಮತಗಳು ಹಿಂದಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಇದನ್ನು ಮುಚ್ಚಿಟ್ಟು ಮಕೋಮ್‌ನ ಆರ್ಥಿಕ ನಿಲುವಿನ ಬಗ್ಗೆ ಬರೆಯುವುದು ಅಪ್ರಾಮಾಣಿಕ. 1985ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮೀಕ್ಷಕ ಸ್ಟ್ಯಾನ್ಲಿ ಗ್ರೀನ್‌ಬರ್ಗ್ ಪಕ್ಷ ಬಿಟ್ಟು ರೇಗನ್‌ಗೆ ಮತ ಹಾಕಿದವರನ್ನು ಇಲ್ಲಿ ಗುಂಪುಗುಂಪಾಗಿ ಕೂರಿಸಿ ಮಾತಾಡಿಸಿದರು. ಕಪ್ಪು ಜನರ ಬಗ್ಗೆ ದೇಶಕ್ಕಿರುವ ಹೊಣೆಯನ್ನು ಕುರಿತು ರಾಬರ್ಟ್ ಕೆನಡಿ ಆಡಿದ್ದ ಮಾತನ್ನು ಓದಿ ಹೇಳಿದಾಗ ಆ ಗುಂಪುಗಳು ಕೆರಳಿದವು. ಕೆನಡಿಗಳ ಚಿತ್ರವನ್ನು ಮನೆಯ ಗೋಡೆಗೆ ಹಾಕಿಕೊಂಡು ಬೆಳೆದ ಕ್ಯಾಥೊಲಿಕ್ ಕುಟುಂಬಗಳವರೇ ಇವರು. ಸರ್ಕಾರ ದುಡಿಯುವವನಿಂದ ಕಿತ್ತು ದುಡಿಯದವನಿಗೆ ಕೊಡುತ್ತದೆ ಎಂಬ ಅವರ ದೂರಿನಲ್ಲಿ ದುಡಿಯದವನಿಗೆ ಒಂದು ಬಣ್ಣವಿತ್ತು. ಗ್ರೀನ್‌ಬರ್ಗ್ ವರದಿ ಓದಿದ ಕೆಲವು ಪಕ್ಷದ ಹಿರಿಯರಿಗೆ ಕಸಿವಿಸಿಯಾಯಿತು. ‘ರೇಗನ್ ಡೆಮಾಕ್ರಟ್’ ಎಂಬ ಹೆಸರು ಮಾತ್ರ ಕಾಯಂ ಆಯಿತು.

ಆದರೆ ಇದೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವವರು 2008ಕ್ಕೆ ಉತ್ತರ ಕೊಡಬೇಕಾಗುತ್ತದೆ. ಅದೇ ಮಕೋಮ್ ದೇಶದ ಮೊದಲ ಕಪ್ಪು ಅಧ್ಯಕ್ಷನಿಗೆ ಎರಡು ಬಾರಿ ಮತ ಹಾಕಿತು. ದ್ವೇಷ ಇತ್ತು, ಅದರ ಪಕ್ಕದಲ್ಲೇ, ಅದರೊಂದಿಗೆ ಹೆಣೆದುಕೊಂಡು, ಒಂದು ಖರ್ಚುವೆಚ್ಚದ ಲೆಕ್ಕವೂ ಇತ್ತು.

ಮುಕ್ತ ವ್ಯಾಪಾರಿಯ ಬೇಲಿಗಳು

1980ರ ಜುಲೈನಲ್ಲಿ ರಿಪಬ್ಲಿಕನ್ ಪಕ್ಷ ತನ್ನ ಮಹಾಧಿವೇಶನವನ್ನು ನಡೆಸಿದ್ದು ಡೆಟ್ರಾಯಿಟ್‌ನ ಜೋ ಲೂಯಿಸ್ ಕ್ರೀಡಾಂಗಣದಲ್ಲಿ. ಯೂನಿಯನ್‌ಗಳ ಕೋಟೆಯೊಳಗೇ ಡೇರೆ ಹೊಡೆದ ಹಾಗೆ. ಆ ವರ್ಷ ಅಮೆರಿಕದಲ್ಲಿ ಹಣದುಬ್ಬರ ಶೇಕಡ 13.5. ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡಿನಲ್ಲಿ ಜಿಮ್ಮಿ ಕಾರ್ಟರ್ ಜೊತೆ ನಡೆದ ಚರ್ಚೆಯ ಕೊನೆಯಲ್ಲಿ ರೇಗನ್, ನಾಲ್ಕು ವರ್ಷದ ಹಿಂದೆ ಇದ್ದುದಕ್ಕಿಂತ ಈಗ ನೀವು ಚೆನ್ನಾಗಿದ್ದೀರಾ ಎಂದು ಜನರನ್ನು ಕೇಳಿದರು. ಮತದಾನಕ್ಕೆ ಒಂದು ವಾರ ಉಳಿದಿತ್ತು. ಅಮೆರಿಕದ ಸಂಪ್ರದಾಯವಾದಿ ಮತದಾರ ಇವತ್ತಿಗೂ ಅದೇ ಪ್ರಶ್ನೆ ಹಿಡಿದುಕೊಂಡು ಮತಗಟ್ಟೆಗೆ ಹೋಗುತ್ತಾನೆ, ಕೇಳುವವರು ಬದಲಾಗಿದ್ದಾರೆ.

ರೇಗನ್ ಬಂದ ಕೂಡಲೇ ಮಕೋಮ್ ಉದ್ಧಾರವಾಗಲಿಲ್ಲ. ಬೆಲೆಯೇರಿಕೆಯ ಕತ್ತು ಹಿಸುಕಲು ಕೇಂದ್ರೀಯ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬಡ್ಡಿಯನ್ನು ಮೇಲೆತ್ತಿ ಹಿಡಿದಿದ್ದರು. 1981ರ ಅಕ್ಟೋಬರಿನಲ್ಲಿ ಗೃಹಸಾಲದ ಬಡ್ಡಿ ಶೇಕಡ 18 ದಾಟಿತು. ಸಾಲ ಮಾಡಿ ಕಾರು ಕೊಳ್ಳುವ ದೇಶದಲ್ಲಿ ಬಡ್ಡಿ ಹಾಗೆ ಏರಿದರೆ ಕಾರು ಯಾರು ಕೊಳ್ಳುತ್ತಾರೆ? 1982ರ ಕೊನೆಗೆ ದೇಶದಲ್ಲಿ ನಿರುದ್ಯೋಗ ಶೇಕಡ 10.8 ಆಯಿತು, ಮಿಷಿಗನ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಅಷ್ಟಾದರೂ ಎರಡು ವರ್ಷದ ನಂತರ ಜನ ಮೂರನೇ ಎರಡು ಪಾಲು ಮತ ಕೊಟ್ಟರಲ್ಲ, ಯಾಕೆ? 1984ರ ಹೊತ್ತಿಗೆ ಹಣದುಬ್ಬರ ನಾಲ್ಕರ ಆಸುಪಾಸಿಗೆ ಇಳಿದಿತ್ತು, ಕಾರ್ಖಾನೆಗಳು ಮತ್ತೆ ಕರೆಯುತ್ತಿದ್ದವು ಎಂಬುದು ಒಂದು ಕಾರಣ. ಇನ್ನೊಂದನ್ನು ರೇಗನ್ ಭಕ್ತರು ಹೇಳಲು ಹಿಂಜರಿಯುತ್ತಾರೆ. ಮುಕ್ತ ವ್ಯಾಪಾರದ ಗುಣಗಾನ ಮಾಡುತ್ತಲೇ ರೇಗನ್ ಬೇಲಿ ಕಟ್ಟಿದರು. 1981ರ ಮೇ ತಿಂಗಳಲ್ಲಿ ಜಪಾನು ಅಮೆರಿಕಕ್ಕೆ ವರ್ಷಕ್ಕೆ 16.8 ಲಕ್ಷ ಕಾರುಗಳಿಗಿಂತ ಹೆಚ್ಚು ಕಳಿಸದಂತೆ ‘ಸ್ವಇಚ್ಛೆಯಿಂದ’ ಒಪ್ಪಿತು. ಆ ಇಚ್ಛೆ ಎಷ್ಟು ಸ್ವಂತದ್ದೆಂಬುದು ಟೋಕಿಯೊಗೆ ಗೊತ್ತಿತ್ತು. 1983ರಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿಯನ್ನು ಉಳಿಸಲು ದೊಡ್ಡ ಮೋಟರ್‌ಸೈಕಲ್‌ಗಳ ಆಮದಿನ ಮೇಲೆ ಶೇಕಡ 45ರಷ್ಟು ಹೆಚ್ಚುವರಿ ಸುಂಕ ಹೇರಲಾಯಿತು. ವಾರೆನ್‌ನ ಮತದಾರನಿಗೆ ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್‌ರನ್ನು ಓದಬೇಕಾಗಿರಲಿಲ್ಲ. ಜಪಾನಿನ ಹಡಗು ತಡೆದವರು ಯಾರೆಂದು ಗೊತ್ತಾಗಿದ್ದರೆ ಸಾಕಾಗಿತ್ತು.

ಆ ಕಾಲದ ಸಿಟ್ಟು ಎಷ್ಟು ಹದ ತಪ್ಪಿತ್ತೆಂಬುದಕ್ಕೆ 1982ರ ಜೂನ್ ಸಾಕ್ಷಿ. ಡೆಟ್ರಾಯಿಟ್ ಒಡಲಲ್ಲೇ ಇರುವ ಹೈಲ್ಯಾಂಡ್ ಪಾರ್ಕ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ 27ರ ಚೀನೀ-ಅಮೆರಿಕನ್ ಯುವಕನನ್ನು, ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ ಮತ್ತು ಆತನ ಮಲಮಗ ಬೇಸ್‌ಬಾಲ್ ದಾಂಡಿನಿಂದ ಬಡಿದರು. ಕೆಲವೇ ದಿನಗಳಲ್ಲಿ ಚಿನ್ ತೀರಿಕೊಂಡ. ಕಾರು ಉದ್ಯಮದ ಕಷ್ಟಕ್ಕೆ ಇವನಂಥವರೇ ಕಾರಣ ಎಂಬ ಬೈಗುಳ ಜಗಳದಲ್ಲಿ ಕೇಳಿಬಂದಿತ್ತು. ಚಿನ್ ಜಪಾನಿಯೂ ಆಗಿರಲಿಲ್ಲ. ನ್ಯಾಯಾಲಯ ಕೊಟ್ಟದ್ದು ಮೂರು ವರ್ಷದ ಪ್ರೊಬೇಷನ್, 3,000 ಡಾಲರ್ ದಂಡ, ಜೈಲಿಲ್ಲ. ಆಮದಿನ ವಿರುದ್ಧದ ರಾಜಕೀಯವನ್ನು ಮೆಚ್ಚುವ ಯಾರೇ ಆದರೂ ಈ ಪ್ರಕರಣವನ್ನು ಒಮ್ಮೆ ಓದಿಕೊಳ್ಳಬೇಕು ಎಂಬುದು ನನ್ನ ಹಟ.

ತೆರಿಗೆ, ಪಿಂಚಣಿ ಮತ್ತು ಸ್ವಂತದ್ದು

ತೆರಿಗೆಯ ವಿಷಯದಲ್ಲಿ ಮಾತ್ರ ಮಕೋಮ್‌ನ ಈ ಮತದಾರ ಅಪ್ಪಟ ರಿಪಬ್ಲಿಕನ್. ಅವನಿಗೆ ಉರಿಯುವುದು ಆದಾಯ ತೆರಿಗೆಗಿಂತ ಮನೆಯ ತೆರಿಗೆ. ಕೂಲಿ ಇಲ್ಲದ ತಿಂಗಳಲ್ಲೂ ಮನೆ ಮೌಲ್ಯ ಏರಿದೆಯೆಂದು ಬಿಲ್ಲು ಬರುತ್ತದೆ. 1994ರ ಮಾರ್ಚಿನಲ್ಲಿ ಮಿಷಿಗನ್ ಜನ ‘ಪ್ರಪೋಸಲ್ ಎ’ ಎಂಬ ತಿದ್ದುಪಡಿಗೆ ಮತ ಹಾಕಿ ಮಾರಾಟ ತೆರಿಗೆಯನ್ನು ಶೇಕಡ 4ರಿಂದ 6ಕ್ಕೆ ಏರಿಸಿಕೊಂಡರು. ಅದಕ್ಕೆ ಬದಲಾಗಿ ಮನೆ ತೆರಿಗೆ ತಗ್ಗಿತು. ಮನೆ ಕೈಬದಲಾಗುವವರೆಗೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇಕಡ 5 ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟೇ ಏರಬೇಕು ಎಂಬ ಕಟ್ಟೂ ಬಂತು. ಇದರ ಫಲ ಉಂಡವರು ಹಳಬರು. ಪಕ್ಕದ ಅಂಥದ್ದೇ ಮನೆಗೆ ಹೊಸದಾಗಿ ಬಂದ ಜೋಡಿ ಅದಕ್ಕಿಂತ ಎಷ್ಟೋ ಹೆಚ್ಚು ಕಟ್ಟುತ್ತದೆ. ಇದ್ದಲ್ಲೇ ಇದ್ದವನಿಗೆ ರಕ್ಷಣೆ, ಹೊಸಬನಿಗೆ ಹೊರೆ: ಅರ್ಥಶಾಸ್ತ್ರಜ್ಞರು ತಲೆ ಚಚ್ಚಿಕೊಂಡರೂ, ಸಂಪ್ರದಾಯವಾದದ ಹುರುಳನ್ನು ಇಷ್ಟು ಚೊಕ್ಕವಾಗಿ ಹಿಡಿದ ತೆರಿಗೆ ಕಾನೂನು ಇನ್ನೊಂದಿರಲಾರದು.

ಸರ್ಕಾರ ಚಿಕ್ಕದಾಗಲಿ ಎನ್ನುವ ಇದೇ ಮನುಷ್ಯನ ಮುಂದೆ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಮಾತೆತ್ತಿ ನೋಡಿ. ಅದು ಅವನ ದೃಷ್ಟಿಯಲ್ಲಿ ಸರ್ಕಾರದ ದಾನವಲ್ಲ. ದುಡಿದಷ್ಟು ಕಾಲವೂ ಕೂಲಿಯಿಂದ ಒಂದು ಪಾಲು (1990ರಿಂದ ನೂರಕ್ಕೆ 6.2ರಷ್ಟು) ಮುರಿದುಕೊಂಡಿದ್ದಾರೆ, ಮಾಲೀಕನೂ ಅಷ್ಟೇ ಹಾಕಿದ್ದಾನೆ. ಅದು ತನ್ನ ಗಂಟು. 2012ರಲ್ಲಿ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಪಾಲ್ ರಾಯನ್ ವೃದ್ಧರ ಆರೋಗ್ಯವಿಮೆ ಮೆಡಿಕೇರ್‌ಗೆ ಹೊಸ ರೂಪ ಕೊಡುವ ಯೋಜನೆ ಹಿಡಿದು ಬಂದಾಗ, ಪಕ್ಷದ ಬುದ್ಧಿಜೀವಿಗಳು ಚಪ್ಪಾಳೆ ತಟ್ಟಿದರು, ಮಕೋಮ್ ಒಬಾಮಾಗೆ ಹಾಕಿತು. ನಾಲ್ಕು ವರ್ಷದ ನಂತರ ಟ್ರಂಪ್, ಈ ಎರಡನ್ನೂ ಮುಟ್ಟುವುದಿಲ್ಲವೆಂದರು. ರಿಪಬ್ಲಿಕನ್ ಅಭ್ಯರ್ಥಿಯೊಬ್ಬನ ಬಾಯಿಂದ ಅದು ಸಣ್ಣ ಮಾತಾಗಿರಲಿಲ್ಲ.

ದೇಶದ ಸಾಲದ ವಿಷಯಕ್ಕೆ ಹೆಚ್ಚು ಜಾಗ ಬೇಡ. ರೇಗನ್ ಬಂದಾಗ ಒಂದು ಟ್ರಿಲಿಯನ್ ಡಾಲರಿನೊಳಗಿದ್ದ ಸಾಲ ಅವರು ಹೋಗುವಾಗ ಹತ್ತಿರ ಮೂರು ಪಟ್ಟಾಗಿತ್ತು. 2024ರ ಕೊನೆಗೆ ಅದು 36 ಟ್ರಿಲಿಯನ್. ಸಂಪ್ರದಾಯವಾದಿ ಮತದಾರ ಇದನ್ನು ಪ್ರತಿ ಚುನಾವಣೆಯಲ್ಲೂ ಶಪಿಸುತ್ತಾನೆ, ಯಾವ ಚುನಾವಣೆಯಲ್ಲೂ ಇದಕ್ಕಾಗಿ ಮತ ಬದಲಿಸುವುದಿಲ್ಲ.

ಮೆಕ್ಸಿಕೊ, ಚೀನಾ, ಬೀಗ

ಮೆಕ್ಸಿಕೊ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವರು ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್, ಸಂಸತ್ತಿನಲ್ಲಿ ದಾಟಿಸಿದವರು ಡೆಮಾಕ್ರಟ್ ಬಿಲ್ ಕ್ಲಿಂಟನ್. 1993ರ ನವೆಂಬರಿನಲ್ಲಿ ಕೆಳಮನೆ 234-200ರಿಂದ ಒಪ್ಪಿತು. ಪರವಾಗಿ ಬಿದ್ದ ಮತಗಳಲ್ಲಿ ರಿಪಬ್ಲಿಕನ್ನರವೇ ಹೆಚ್ಚು. ವಿರೋಧದ ಸೇನೆಯನ್ನು ಮುನ್ನಡೆಸಿದವರು ಯಾರೆಂದರೆ ಡೇವಿಡ್ ಬೋನಿಯರ್, ಮಕೋಮ್ ಜನರ ಪ್ರತಿನಿಧಿ. ಕೆಳಮನೆಯಲ್ಲಿ ಡೆಮಾಕ್ರಟಿಕ್ ಪಕ್ಷದ ವಿಪ್ ಆಗಿದ್ದುಕೊಂಡೇ ತಮ್ಮ ಅಧ್ಯಕ್ಷನ ವಿರುದ್ಧ ಮತ ಕೂಡಿಸಿದರು, ಸೋತರು. ರಿಪಬ್ಲಿಕನ್ ಪಕ್ಷದೊಳಗೆ ಇದೇ ರಾಗ ಹಾಡುತ್ತಿದ್ದ ಪ್ಯಾಟ್ ಬುಕ್ಯಾನನ್ 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರೈಮರಿಯಲ್ಲಿ ಹಾಲಿ ಅಧ್ಯಕ್ಷನೆದುರು ಶೇಕಡ 37 ಮತ ಗಳಿಸಿ ಗಾಬರಿ ಹುಟ್ಟಿಸಿದ್ದರು. ಆ ನವೆಂಬರಿನಲ್ಲಿ ಪಕ್ಷವೇ ಇಲ್ಲದ ರಾಸ್ ಪೆರೊ ದೇಶದಾದ್ಯಂತ ಶೇಕಡ 19ರ ಹತ್ತಿರ ಬಂದರು. ಎರಡೂ ಪಕ್ಷಗಳ ಹಿರಿಯರು ಒಂದು ಕಡೆ, ಎರಡೂ ಪಕ್ಷಗಳ ಕೆಳಗಿನ ಸಾಲು ಇನ್ನೊಂದು ಕಡೆ. 2016 ಆಕಾಶದಿಂದ ಉದುರಿತೆಂದು ಬರೆದವರು ಈ ಎಣಿಕೆಗಳನ್ನು ನೋಡಿರಲಿಲ್ಲ.

2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. 2000ದಿಂದ 2010ರೊಳಗೆ ಮಿಷಿಗನ್ ತನ್ನ ಕಾರ್ಖಾನೆ ಕೆಲಸಗಳಲ್ಲಿ ಹತ್ತಿರ ಅರ್ಧದಷ್ಟನ್ನು ಕಳೆದುಕೊಂಡಿತು. ಎಲ್ಲವೂ ಚೀನಾದಿಂದಲ್ಲ. ಯಂತ್ರಗಳು, ದಕ್ಷಿಣದ ರಾಜ್ಯಗಳಲ್ಲಿ ಯೂನಿಯನ್ ಇಲ್ಲದೆ ಎದ್ದ ಜಪಾನಿ, ಜರ್ಮನ್ ಕಾರ್ಖಾನೆಗಳು, ಡೆಟ್ರಾಯಿಟ್ ಕಂಪನಿಗಳದೇ ಸೋಮಾರಿತನ, ಎಲ್ಲಕ್ಕೂ ಪಾಲಿದೆ. ಈ ಹಂಚಿಕೆಯನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಬೀಗ ಬಿದ್ದ ಗೇಟಿನ ಮುಂದೆ ನಿಂತವನಿಗೆ ಅದು ಎಲ್ಲಿ ಬೇಕು?

2007ರ ಒಪ್ಪಂದದಲ್ಲಿ ಯೂನಿಯನ್ ಎರಡು ದರ್ಜೆಯ ಕೂಲಿಗೆ ತಲೆಬಾಗಿತು. ಹಳಬನಿಗೆ ಗಂಟೆಗೆ 28 ಡಾಲರ್, ಅದೇ ಸಾಲಿನಲ್ಲಿ ಪಕ್ಕಕ್ಕೆ ನಿಂತ ಹೊಸಬನಿಗೆ ಸುಮಾರು 14. ನಾವು ಕಲ್ಪಿಸಿಕೊಂಡವನ ಮಗ ಈ ಎರಡನೇ ದರ್ಜೆಯವನು. 2008ರ ಕುಸಿತದಲ್ಲಿ ಕಿರಿಯ ಬುಷ್ ಸರ್ಕಾರ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್‌ಗೆ 17.4 ಬಿಲಿಯನ್ ಡಾಲರ್ ಸಾಲ ಕೊಟ್ಟು ಉಸಿರು ಹಿಡಿಸಿತು, ಒಬಾಮಾ ಸರ್ಕಾರ ಮುಂದುವರಿಸಿತು. 2009ರಲ್ಲಿ ಎರಡೂ ದಿವಾಳಿ ನ್ಯಾಯಾಲಯದ ಬಾಗಿಲು ಹೊಕ್ಕು ಹೊರಬಂದವು. ಆ ಉಳಿವಿಗೆ ತೆತ್ತ ಬೆಲೆಗಳಲ್ಲಿ ಒಂದು ತುಟ್ಟಿಭತ್ಯೆ. 1948ರ ಆ ಕಲಮನ್ನು ಅಮಾನತಿನಲ್ಲಿಟ್ಟರು. ಆಗ ಹಣದುಬ್ಬರ ಸೊನ್ನೆಯ ಹತ್ತಿರ ಇದ್ದುದರಿಂದ ಯಾರಿಗೂ ದೊಡ್ಡ ನಷ್ಟವಾಗಿ ಕಾಣಲಿಲ್ಲ.

ಡೆಟ್ರಾಯಿಟ್‌ನಲ್ಲೇ ಹುಟ್ಟಿದ, ಮಿಷಿಗನ್ ಗವರ್ನರರ ಮಗನಾದ ಮಿಟ್ ರಾಮ್ನಿ 2008ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಲೇಖನದ ತಲೆಬರಹ, ಡೆಟ್ರಾಯಿಟ್ ದಿವಾಳಿಯಾಗಲಿ ಎಂಬರ್ಥದ್ದು. ತಲೆಬರಹ ಪತ್ರಿಕೆಯವರು ಕೊಟ್ಟದ್ದು, ಒಳಗಿನ ವಾದ ಅಷ್ಟು ಕ್ರೂರವಾಗಿರಲಿಲ್ಲ. ಆದರೂ 2012ರಲ್ಲಿ ಅದು ಅವರನ್ನು ನೆರಳಿನಂತೆ ಹಿಂಬಾಲಿಸಿತು. ಮುಕ್ತ ಮಾರುಕಟ್ಟೆಯ ತತ್ವಕ್ಕೆ ನಿಷ್ಠರಾದ ರಿಪಬ್ಲಿಕನ್ ಸೋತರು, ಕಾರ್ಖಾನೆ ಉಳಿಸಿದ ಡೆಮಾಕ್ರಟ್ ಗೆದ್ದರು. ಮತದಾರ ಎಡಕ್ಕೆ ಹೊರಳಿದ ಎಂದು ಆಗ ಬರೆದವರಿದ್ದಾರೆ. ಅವನು ಹೊರಳಿರಲಿಲ್ಲ. ಫೋರ್ಡ್ ಮೆಕ್ಸಿಕೊದಲ್ಲಿ ಕಾರು ಕಟ್ಟಿ ಇಲ್ಲಿಗೆ ತಂದರೆ ಶೇಕಡ 35 ಸುಂಕ ಹಾಕುತ್ತೇನೆಂದು 2016ರಲ್ಲಿ ಒಬ್ಬ ರಿಪಬ್ಲಿಕನ್ ಗುಡುಗಿದಾಗ, ಬೋನಿಯರ್ ಕಾಲದಿಂದ ಕಾಯುತ್ತಿದ್ದ ಮಾತು ಬೇರೆ ಪಕ್ಷದ ಬಾಯಿಂದ ಬಂದಿತ್ತು, ಅಷ್ಟೇ.

ಯಾರ ಕಾಲದ ಬೆಲೆ?

ನನ್ನ ಈ ವಾದಕ್ಕೆ ತೊಡಕಾಗುವ ಒಂದು ಸಂಗತಿಯಿದೆ. 2018ರಲ್ಲಿ ಟ್ರಂಪ್ ಉಕ್ಕಿಗೆ ಶೇಕಡ 25 ಸುಂಕ ಹಾಕಿದರು. 2019ರಲ್ಲಿ ಜನರಲ್ ಮೋಟರ್ಸ್ ವಾರೆನ್‌ನ ತನ್ನ ಟ್ರಾನ್ಸ್‌ಮಿಷನ್ ಕಾರ್ಖಾನೆಯಲ್ಲಿ ಉತ್ಪಾದನೆ ನಿಲ್ಲಿಸಿತು. ಮಾರನೇ ವರ್ಷ ಕೊರೋನಾ ಬಂದಾಗ ಅದೇ ಕಟ್ಟಡದಲ್ಲಿ ಮುಖಗವಸು ಹೊಲಿದರು. ಆದರೂ 2020ರಲ್ಲಿ ಟ್ರಂಪ್ ಮಿಷಿಗನ್ ಸೋತರೇ ಹೊರತು ಮಕೋಮ್ ಸೋಲಲಿಲ್ಲ. ಒಬಾಮಾ ಕಾಲದಲ್ಲಿ ಆ ಬೀಗ ಬಿದ್ದಿದ್ದರೆ?

ಇದಕ್ಕೆ ಉತ್ತರ ಮಕೋಮ್‌ನಿಂದ ಒಂದು ಗಂಟೆಯ ದಾರಿಯ ಆನ್ ಆರ್ಬರ್‌ನಲ್ಲಿದೆ. ಅಲ್ಲಿನ ಮಿಷಿಗನ್ ವಿಶ್ವವಿದ್ಯಾಲಯ 1940ರ ದಶಕದಿಂದ ಜನರನ್ನು ಅವರ ಹಣಕಾಸು, ದೇಶದ ಆರ್ಥಿಕ ಭವಿಷ್ಯದ ಬಗ್ಗೆ ಕೇಳಿ ಗ್ರಾಹಕರ ವಿಶ್ವಾಸದ ಸೂಚ್ಯಂಕ ಮಾಡುತ್ತಿದೆ. ಶ್ವೇತಭವನ ಕೈಬದಲಾದಾಗಲೆಲ್ಲ ಈ ಸೂಚ್ಯಂಕದಲ್ಲೊಂದು ತಮಾಷೆ ನಡೆಯುತ್ತದೆ. 2016ರ ನವೆಂಬರಿನಲ್ಲಿ ಚುನಾವಣೆ ಮುಗಿದ ಮೇಲೆ ರಿಪಬ್ಲಿಕನ್ನರಿಗೆ ಆರ್ಥಿಕತೆ ಇದ್ದಕ್ಕಿದ್ದಂತೆ ಚೆನ್ನಾಗಿ ಕಾಣಿಸಿತು, ಡೆಮಾಕ್ರಟರಿಗೆ ಕೆಟ್ಟಂತೆ. 2020ರಲ್ಲಿ ತಿರುವುಮುರುವು, 2024ರಲ್ಲಿ ಮತ್ತೆ ಮಗುಚಿತು. ಅಷ್ಟರಲ್ಲಿ ಒಂದು ಕಾರ್ಖಾನೆಯೂ ತೆರೆದಿರಲಿಲ್ಲ, ಮುಚ್ಚಿರಲಿಲ್ಲ. ಹೊಸ ಅಧ್ಯಕ್ಷ ಪ್ರಮಾಣವಚನವನ್ನೂ ತೆಗೆದುಕೊಂಡಿರಲಿಲ್ಲ. ಹಾಗಾಗಿ ‘ಆರ್ಥಿಕತೆ’ ಎಂದು ಮತದಾರ ಹೇಳುವಾಗ ಅದರಲ್ಲಿ ಮುಕ್ಕಾಲು ಪಾಲು ನಂಬಿಕೆ: ಈ ಮನುಷ್ಯ ನನ್ನ ಕಡೆಯವನೋ ಅಲ್ಲವೋ. ತನ್ನವನೆಂದು ಒಮ್ಮೆ ತೀರ್ಮಾನಿಸಿದ ಮೇಲೆ ಒಂದು ಬೀಗವನ್ನು ಕ್ಷಮಿಸುತ್ತಾನೆ. ಇದು ಸಂಪ್ರದಾಯವಾದಿಯ ರೋಗವಷ್ಟೇ ಅಲ್ಲ, ಎದುರಿನವರಿಗೂ ಅಷ್ಟೇ ಹತ್ತಿದೆ.

ಉಳಿದ ಕಾಲು ಪಾಲೇ ಅಂಚಿನಲ್ಲಿರುವವರನ್ನು ಆಚೀಚೆ ತಳ್ಳುವುದು. 2022ರ ಜೂನ್‌ನಲ್ಲಿ ಹಣದುಬ್ಬರ ಶೇಕಡ 9.1 ತಲುಪಿತು. ಗ್ಯಾಲನ್ ಪೆಟ್ರೋಲ್ ಐದು ಡಾಲರ್ ಮುಟ್ಟಿತು. 2021ರಲ್ಲಿ ಮೂರರ ಕೆಳಗಿದ್ದ ಗೃಹಸಾಲದ ಬಡ್ಡಿ 2023ರ ಅಕ್ಟೋಬರಿನಲ್ಲಿ ಹತ್ತಿರ ಎಂಟಾಯಿತು. ಜೋ ಬೈಡನ್ ಅವರ ಅಧಿಕಾರಿಗಳು ನಿರುದ್ಯೋಗ ಶೇಕಡ 4ರ ಆಸುಪಾಸಿನಲ್ಲಿದೆ, ಹಣದುಬ್ಬರ ಇಳಿಯುತ್ತಿದೆ ಎಂದು ನಿಜವನ್ನೇ ಹೇಳುತ್ತಿದ್ದರು. ಆದರೆ ಹಣದುಬ್ಬರ ಇಳಿಯಿತೆಂದರೆ ಬೆಲೆ ಇಳಿಯಿತೆಂದಲ್ಲ, ಏರುವ ವೇಗ ಇಳಿಯಿತೆಂದು. 2024ರ ಕೊನೆಗೆ ಸಾಮಾನ್ಯ ಬೆಲೆಗಳು ನಾಲ್ಕು ವರ್ಷದ ಹಿಂದಿಗಿಂತ ಐದನೇ ಒಂದು ಪಾಲಿನಷ್ಟು ಮೇಲೇ ಕೂತಿದ್ದವು. 1970ರ ದಶಕದಲ್ಲಿ ಅಪ್ಪನಿಗೆ ಈ ಬಿಸಿ ತಟ್ಟಿದಾಗ ತುಟ್ಟಿಭತ್ಯೆಯ ಕೊಡೆಯಿತ್ತು. ಮಗನಿಗೆ ಅದು ಇರಲಿಲ್ಲ. 2009ರಲ್ಲಿ ಮಡಿಸಿಟ್ಟದ್ದನ್ನು ಯಾರೂ ಬಿಚ್ಚಿರಲಿಲ್ಲ. ಮಕೋಮ್ ತುಂಬ ಇರುವ ಟೂಲ್ ಅಂಡ್ ಡೈ ವರ್ಕ್‌ಷಾಪುಗಳು, ಬಿಡಿಭಾಗದ ಕಾರ್ಖಾನೆಗಳಲ್ಲಿ ಬಹುಪಾಲು ಜನಕ್ಕೆ ಅದು ಯಾವತ್ತೂ ಇರಲಿಲ್ಲ. 2024ರ ಚುನಾವಣೆಯ ವಿಶ್ಲೇಷಣೆಗಳಲ್ಲಿ ನಾನು ಹುಡುಕಿದ ಈ ಒಂದು ಕೊಂಡಿ ಹೆಚ್ಚು ಕಡೆ ಸಿಗಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಯೂನಿಯನ್ ಮೂರೂ ಡೆಟ್ರಾಯಿಟ್ ಕಂಪನಿಗಳ ವಿರುದ್ಧ ಒಟ್ಟಿಗೆ ಮುಷ್ಕರ ಹೂಡಿತು. 26ರಂದು ಬೈಡನ್ ಮುಷ್ಕರನಿರತರ ಸಾಲಿಗೆ ಬಂದು ನಿಂತರು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ಹಾಗೆ ಮಾಡಿದ್ದು ಅದೇ ಮೊದಲು. ಮಾರನೇ ದಿನ ಟ್ರಂಪ್ ಬಂದದ್ದು ಮಕೋಮ್‌ಗೆ, ಕ್ಲಿಂಟನ್ ಟೌನ್‌ಶಿಪ್‌ನ ಡ್ರೇಕ್ ಎಂಟರ್‌ಪ್ರೈಸಸ್ ಎಂಬ ಬಿಡಿಭಾಗದ ಕಾರ್ಖಾನೆಗೆ. ಅಲ್ಲಿ ಯೂನಿಯನ್ ಇರಲಿಲ್ಲ. ವಿದ್ಯುತ್ ಕಾರು ಬಂದರೆ ಎಂಜಿನ್ನೂ ಗೇರೂ ಮಾಡುವವರ ಗತಿಯೇನು ಎಂಬುದು ಅವರ ಭಾಷಣದ ತಿರುಳು. ಮುಷ್ಕರ ಗೆದ್ದಿತು, ತುಟ್ಟಿಭತ್ಯೆ ಮರಳಿತು. ಯೂನಿಯನ್ ಅಧ್ಯಕ್ಷ ಶಾನ್ ಫೇನ್ 2024ರಲ್ಲಿ ಕಮಲಾ ಹ್ಯಾರಿಸ್ ಪರ ನಿಂತು, ಟ್ರಂಪ್ ಅವರನ್ನು ಮುಷ್ಕರ ಮುರುಕ ಎಂದು ಜರೆಯುವ ಅಂಗಿ ತೊಟ್ಟು ಷಿಕಾಗೊ ಅಧಿವೇಶನದ ವೇದಿಕೆ ಏರಿದರು. ಮಕೋಮ್‌ನಲ್ಲಿ ಟ್ರಂಪ್ ಅಂತರ ಇನ್ನೂ ಹಿಗ್ಗಿತು. ದೇಶದಾದ್ಯಂತದ ಮತಗಟ್ಟೆ ಸಮೀಕ್ಷೆಯಲ್ಲಿ ತಮ್ಮ ಮನೆಯ ಸ್ಥಿತಿ ನಾಲ್ಕು ವರ್ಷದ ಹಿಂದಿಗಿಂತ ಕೆಟ್ಟಿದೆ ಎಂದವರು ನೂರಕ್ಕೆ 45ಕ್ಕೂ ಹೆಚ್ಚು. ಅವರಲ್ಲಿ ಐವರಲ್ಲಿ ನಾಲ್ವರ ಮತ ಟ್ರಂಪ್‌ಗೆ.

2025ರ ಏಪ್ರಿಲ್ 3ರಿಂದ ಆಮದು ಕಾರುಗಳಿಗೆ ಶೇಕಡ 25 ಸುಂಕ ಬಂತು. ಆಗ ಅದನ್ನು ಬಹಿರಂಗವಾಗಿ ಸ್ವಾಗತಿಸಿದವರಲ್ಲಿ ಅದೇ ಶಾನ್ ಫೇನ್ ಒಬ್ಬರು! ಏಪ್ರಿಲ್ 29ರಂದು, ಅಧಿಕಾರಕ್ಕೆ ಬಂದು ನೂರು ದಿನವಾದದ್ದನ್ನು ಕೊಂಡಾಡಲು ಟ್ರಂಪ್ ಆರಿಸಿಕೊಂಡ ಜಾಗ ವಾರೆನ್‌ನ ಮಕೋಮ್ ಕಮ್ಯುನಿಟಿ ಕಾಲೇಜು. ಅದೇ ದಿನ ಕಾರು ಕಂಪನಿಗಳ ಒತ್ತಡಕ್ಕೆ ಮಣಿದು ಸುಂಕವನ್ನು ಒಂದಿಷ್ಟು ಸಡಿಲಿಸುವ ಆದೇಶಕ್ಕೂ ಸಹಿ ಹಾಕಿದ್ದರು. ಆ ವರ್ಷ ಸುಂಕದಿಂದ ತನಗೆ 4ರಿಂದ 5 ಬಿಲಿಯನ್ ಡಾಲರ್ ಹೊರೆ ಬೀಳಲಿದೆ ಎಂದು ಜನರಲ್ ಮೋಟರ್ಸ್ ಹೇಳಿತು. ಮುಂದೆ ಜಪಾನಿನ ಕಾರಿಗೆ ಸುಂಕ ಶೇಕಡ 15ಕ್ಕೆ ಇಳಿದಾಗ, ಮೆಕ್ಸಿಕೊದಲ್ಲೂ ಕೆನಡಾದಲ್ಲೂ ಕಾರು ಕಟ್ಟುವ ಡೆಟ್ರಾಯಿಟ್ ಕಂಪನಿಗಳು, ಬೇಲಿ ಯಾರನ್ನು ಕಾಯಲು ಹಾಕಿದ್ದೆಂದು ಗೊಣಗಿದವು. ಜುಲೈನ ತೆರಿಗೆ ಕಾನೂನಿನಲ್ಲಿ ಅಮೆರಿಕದಲ್ಲೇ ಜೋಡಿಸಿದ ಹೊಸ ಕಾರಿನ ಸಾಲದ ಬಡ್ಡಿಗೆ ವರ್ಷಕ್ಕೆ 10,000 ಡಾಲರ್‌ವರೆಗೆ ತೆರಿಗೆ ವಿನಾಯಿತಿಯನ್ನೂ ಸೇರಿಸಿದರು. ಮಕೋಮ್‌ಗೆಂದೇ ಅಳೆದು ಹೊಲಿದ ಅಂಗಿಯಂತಿದೆ ಅದು.

ಹಡಗಿಲ್ಲದ ಆಮದು

ನಮ್ಮವರಿಗೆ ಈ ಕಥೆ ತಾಗುವುದು ಇಲ್ಲಿ. ಜನರಲ್ ಮೋಟರ್ಸ್‌ನ ದೊಡ್ಡ ತಾಂತ್ರಿಕ ಕೇಂದ್ರ ಇರುವುದು ವಾರೆನ್‌ನಲ್ಲಿ. ಕಂಪನಿ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಬೆಂಗಳೂರಿನ ತನ್ನ ತಾಂತ್ರಿಕ ಕೇಂದ್ರವನ್ನು ಮಾತ್ರ ಉಳಿಸಿಕೊಂಡಿತು. ಬೆಂಗಳೂರಿನ ಎಂಜಿನಿಯರು ಮಾಡಿದ ವಿನ್ಯಾಸಕ್ಕೆ ಹಡಗು ಬೇಡ, ಬಂದರು ಬೇಡ, ಸುಂಕದ ಕಟ್ಟೆಯೂ ಇಲ್ಲ. ಗೇಟಿನ ಕಾರ್ಮಿಕನ ಮಗ ಕಾಲೇಜು ಓದಿ ಡ್ರಾಯಿಂಗ್ ಮೇಜಿಗೆ ಬಂದರೆ ಅವನ ಎದುರಾಳಿ ಜಪಾನಿನ ಕಾರಲ್ಲ, ವೈಟ್‌ಫೀಲ್ಡ್ ಕಡೆಯ ಒಂದು ಲ್ಯಾಪ್‌ಟಾಪು. ಡೆಟ್ರಾಯಿಟ್ ಸುತ್ತಮುತ್ತ ಪಂಪ ಕನ್ನಡ ಕೂಟ ಕಟ್ಟಿಕೊಂಡು ಬದುಕಿರುವ ನಮ್ಮವರಲ್ಲೂ ಬಹಳ ಮಂದಿ ಬಂದದ್ದು ಇದೇ ಉದ್ಯಮದ ಬೆನ್ನು ಹತ್ತಿ.

2024ರ ಡಿಸೆಂಬರಿನಲ್ಲಿ ಚೆನ್ನೈ ಮೂಲದ ಶ್ರೀರಾಮ್ ಕೃಷ್ಣನ್ ಅವರನ್ನು ಟ್ರಂಪ್ ಕೃತಕ ಬುದ್ಧಿಮತ್ತೆಯ ಸಲಹೆಗಾರರಾಗಿ ಆರಿಸಿದಾಗ ಸಂಪ್ರದಾಯವಾದಿಗಳ ಮನೆಯೊಳಗೇ ಜಗಳ ಹತ್ತಿತು. ಎಚ್-1ಬಿ ವೀಸಾ ಬೇಕೇಬೇಕು ಎಂದು ಎಲಾನ್ ಮಸ್ಕ್ ಒಂದು ಕಡೆ. ಅಮೆರಿಕದವರ ಕೆಲಸ ಅಮೆರಿಕದವರಿಗೆ ಎಂದು ಮತ ಹಾಕಿ ಗೆಲ್ಲಿಸಿದ ಕಾರ್ಯಕರ್ತರು ಇನ್ನೊಂದು ಕಡೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂತು. ಆ ವೀಸಾ ಪಡೆಯುವವರಲ್ಲಿ ನೂರಕ್ಕೆ ಸುಮಾರು 70 ಪಾಲು ಭಾರತೀಯರು. ಇಲ್ಲಿಗೆ ಬರುವ ಮನುಷ್ಯನನ್ನು ತಡೆದರೆ ಕೆಲಸವೇ ಅಲ್ಲಿಗೆ ಹೋಗುತ್ತದೆ ಎಂಬುದನ್ನೂ ವಾಷಿಂಗ್ಟನ್ ಅರಿತಿತ್ತು. ಅದೇ ತಿಂಗಳು, ಆ ಶುಲ್ಕಕ್ಕೂ ಮುಂಚೆ, ಒಹಾಯೊ ರಾಜ್ಯದ ರಿಪಬ್ಲಿಕನ್ ಸೆನೆಟರ್ ಬರ್ನಿ ಮೊರೆನೊ, ಹೊರದೇಶದಲ್ಲಿ ಮಾಡಿಸಿಕೊಂಡ ಕೆಲಸಕ್ಕೆ ಕಂಪನಿಗಳು ಕೊಡುವ ಹಣದ ಮೇಲೆ ಶೇಕಡ 25 ತೆರಿಗೆ ಹಾಕುವ ಮಸೂದೆ ಮುಂದಿಟ್ಟರು. ಮೊರೆನೊ ಹುಟ್ಟಿದ್ದು ಕೊಲಂಬಿಯಾದ ಬೊಗೊಟಾದಲ್ಲಿ, ದುಡ್ಡು ಮಾಡಿದ್ದು ಕ್ಲೀವ್‌ಲ್ಯಾಂಡ್ ಸುತ್ತ ಐಷಾರಾಮಿ ಕಾರುಗಳನ್ನು ಮಾರಿ. 2024ರಲ್ಲಿ ಅವರು ಸೋಲಿಸಿದ್ದು ಷೆರಡ್ ಬ್ರೌನ್ ಎಂಬ ಡೆಮಾಕ್ರಟ್‌ನನ್ನು. ನಾಫ್ಟಾ ವಿರುದ್ಧ 1993ರಲ್ಲೇ ಮತ ಹಾಕಿ, ಅಲ್ಲಿಂದೀಚೆಗೆ ಅಮೆರಿಕದ ಕೆಲಸ ಹೊರಗೆ ಹೋಗುವುದನ್ನು ತಡೆಯಬೇಕೆಂದು ಮೂರು ದಶಕ ವಾದಿಸುತ್ತಲೇ ಬಂದವರು ಬ್ರೌನ್.